ಮೂರು ಕಾಸಿನ ಕುದುರೆ: ಗಡಿನಾಡಿನ ಹಳೇ ಗಾಡಿ, ರಿಪೇರಿ ಮತ್ತು ಒಂದು ಜಮಾಖರ್ಚಿನ ವಹಿ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಸ್ತದ ಅಲ್ರೀ ಸರ್? ಸರಿ. ನನ್ನ ಪ್ರಬಂಧದ ವಿಷಯ ಕೇಳಿದಾಗ ಇಬ್ಬರು ಗೆಳೆಯರು ನಕ್ಕರು. ಕನ್ನಡ ಎಂ.ಎ. ಓದೋ ಹುಡುಗ ಸೆಕೆಂಡ್ ಹ್ಯಾಂಡ್ ಕಾರಿನ ಮ್ಯಾಲ ಪ್ರಬಂಧ ಓದತಾನಂತ ಅಂದರು. ಅದಕ್ಕೆ ಮೊದಲು ಈ ವಿಷಯ ಇಲ್ಲಿ ಯಾಕೆ ಎಂಬುದನ್ನು ಹೇಳಿಬಿಡುತ್ತೇನೆ.

ಪೀಠಿಕೆ

ಯಂತ್ರವೊಂದು ಊರಿಗೆ ಬಂದಾಗ ಅದರ ಜೊತೆ ಮಾತೂ ಬರುತ್ತದೆ, ಸಾಲವೂ ಬರುತ್ತದೆ. ಮಾತಿನ ಕಡೆ ನಮ್ಮ ಸಾಹಿತ್ಯ ಗಮನ ಕೊಟ್ಟಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮಲೆನಾಡಿನ ಜನ ಬೈಸಿಕಲ್ಲನ್ನು ‘ಬೀಸೆಕಲ್ಲು’ ಮಾಡಿಕೊಂಡದ್ದು ನಮಗೆಲ್ಲ ಗೊತ್ತು. ಆದರೆ ಯಂತ್ರ ಕೆಟ್ಟಾಗ ಏನಾಗುತ್ತದೆ, ರಿಪೇರಿಯ ಖರ್ಚು ಯಾರ ಪಾಲಿಗೆ ಬರುತ್ತದೆ, ಅದನ್ನು ಯಾವ ಭಾಷೆಯಲ್ಲಿ ಬರೆದಿಡುತ್ತಾರೆ ಎಂಬ ಕಡೆ ಹೆಚ್ಚು ಗಮನ ಹೋಗಿಲ್ಲ.

ನಾನು ಗಡಹಿಂಗ್ಲಜ ತಾಲೂಕಿನವನು. ಜಿಲ್ಲೆ ಕೊಲ್ಹಾಪುರ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ನೂಲ, ಹಲಕರ್ಣಿ, ಹೆಬ್ಬಾಳ ಕಡೆ ಬಂದರೆ ನಿಮಗೆ ಕನ್ನಡವೇ ಕೇಳಿಸುತ್ತದೆ. ನನ್ನ ಸೋದರಮಾವನ ಮನೆ ಇಚಲಕರಂಜಿಯಲ್ಲಿ, ಅವರದು ಪಾವರ್‌ಲೂಮ್ ಕೆಲಸ. ಈ ಪ್ರಬಂಧದ ಮುಖ್ಯ ಆಕರ ನಮ್ಮ ಅಪ್ಪ ಬರೆದಿಟ್ಟ ಒಂದು ನೂರು ಪುಟದ ವಹಿ. ಅಪ್ಪ ಒಂದು ಪತಸಂಸ್ಥೆಗೆ ಪಿಗ್ಮಿ ಹಣ ಕೂಡಿಸುವವರು. ಲೆಕ್ಕ ಬರೆಯದೆ ಅವರಿಗೆ ನಿದ್ದೆ ಬರೋದಿಲ್ಲ. 2020ರ ಜನವರಿಯಲ್ಲಿ ನಮ್ಮ ಮನೆಗೆ ಒಂದು ಹಳೇ ಕಾರು ಬಂತು. ಅಂದಿನಿಂದ ಅದರ ಒಂದೊಂದು ಖರ್ಚೂ ಆ ವಹಿಯಲ್ಲಿದೆ.

ನಮ್ಮ ಕಡೆ ಒಂದು ಗಾದೆ ಅದ: ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಗಾದೆ ಹಳೇದು, ಕಾರು ಹೊಸದು. ಇವೆರಡರ ನಡುವೆ ಬದಲಾದದ್ದೇನು ಎಂಬುದು ಇವತ್ತಿನ ಪ್ರಶ್ನೆ.

1. ರಿಪೇರಿಗೆ ವರ್ಷಕ್ಕೊಮ್ಮೆ ಕಾಳು

ಮೊದಲು ಚಕ್ಕಡಿಯ ಕಾಲಕ್ಕೆ ಹೋಗೋಣ. ಚಕ್ಕಡಿಯೂ ಕೆಡುತ್ತಿತ್ತು. ಗಾಲಿಯ ಹಳಿ ಸಡಿಲಾಗುತ್ತಿತ್ತು, ಅಚ್ಚು ಮುರಿಯುತ್ತಿತ್ತು, ನೊಗ ಸೀಳುತ್ತಿತ್ತು. ಆದರೆ ರೈತ ಪ್ರತಿ ಸಲ ಬಡಿಗನಿಗೆ, ಕಂಬಾರನಿಗೆ ರೊಕ್ಕ ಎಣಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಶಿ ಆದಮೇಲೆ ಕಣದಲ್ಲೇ ಅವರ ಪಾಲಿನ ಕಾಳು ಅಳೆದು ಕೊಡುತ್ತಿದ್ದ. ಕನ್ನಡದಲ್ಲಿ ಇದಕ್ಕೆ ಆಯ, ಪಡೆಯುವವರು ಆಯಗಾರರು. ಮರಾಠಿಯಲ್ಲಿ ಇದೇ ಬಲುತ, ಪಡೆಯುವವರು ಬಲುತೇದಾರರು. ಭಾಷೆ ಎರಡಾದರೂ ವ್ಯವಸ್ಥೆ ಒಂದೇ.

ಇದರಲ್ಲಿ ಜಾತಿಯ ಕಟ್ಟು ಇತ್ತು, ದುಡಿಯುವವರಿಗೆ ಅನ್ಯಾಯವೂ ಇತ್ತು. ಅದನ್ನು ಒಳ್ಳೆಯ ಕಾಲ ಅಂತ ನಾನು ಹೇಳ್ತಾ ಇಲ್ಲ. ನಾನು ಗುರುತಿಸಲು ಬಯಸುವುದು ಒಂದೇ ಅಂಶ: ರಿಪೇರಿಯ ಖರ್ಚು ವರ್ಷಕ್ಕೊಮ್ಮೆ, ಮೊದಲೇ ಗೊತ್ತಿರುವ ಅಳತೆಯಲ್ಲಿ ಬರುತ್ತಿತ್ತು. ಅಚ್ಚು ಒಂದು ಸಲ ಮುರಿದರೂ ಅಷ್ಟೇ, ಮೂರು ಸಲ ಮುರಿದರೂ ಹೆಚ್ಚುಕಡಿಮೆ ಅಷ್ಟೇ ಕಾಳು. ಕೆಡುವುದರ ಅನಿಶ್ಚಿತತೆಯನ್ನು ಮಾಲಕನೊಬ್ಬನೇ ಹೊರುತ್ತಿರಲಿಲ್ಲ.

ಕೊಳ್ಳುವ ವಿದ್ಯೆಯೂ ಹಾಗೆಯೇ ಊರಿನದಾಗಿತ್ತು. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲಹಲ್ಲು, ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡಿದ್ದು. ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಾನೆ. ಮೋಸ ಅಲ್ಲೂ ಇತ್ತು. ಆದರೆ ಎತ್ತಿನ ಹಲ್ಲು ಓದಲು ಬರುವ ಒಬ್ಬ ಹಿರಿಯ ಪ್ರತಿ ಓಣಿಯಲ್ಲೂ ಇದ್ದ. ಕಾರಿನ ಮೀಟರು ಹಲ್ಲಿನಂತಲ್ಲ, ಅದನ್ನ ಹಿಂದಕ್ಕ ತಿರುಗಿಸಬಹುದು.

2. ಹಳೇ ಯಂತ್ರಗಳ ಸೀಮೆ

ಮುಂದಿನ ಸ್ಲೈಡ್ ನೋಡ್ರಿ. ನಮ್ಮ ಸೀಮೆಗೂ ರಿಪೇರಿಗೂ ನಂಟು ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ದೊಡ್ಡ ಉದ್ಯಮದ ಬುಡದಲ್ಲಿ ಒಂದು ಸೈಕಲ್ ಅಂಗಡಿ ಇದೆ.

ಕೊಲ್ಹಾಪುರದ ಉದ್ಯಮನಗರದ ಕಥೆಯೂ ಹತ್ತಿರದ್ದೇ. ಕಬ್ಬು, ಬೆಲ್ಲ, ನೀರೆತ್ತುವ ಆಯಿಲ್ ಇಂಜಿನ್ನು ಇವು ಒಟ್ಟಿಗೆ ಬಂದವು. ಇಂಜಿನ್ ಕೆಟ್ಟರೆ ಬಿಡಿಭಾಗ ದೂರದಿಂದ ಬರಬೇಕು, ಅಷ್ಟರಲ್ಲಿ ಕಬ್ಬು ಒಣಗುತ್ತದೆ. ಹಾಗಾಗಿ ಇಲ್ಲಿನ ಮಿಸ್ತ್ರಿಗಳು ಬಿಡಿಭಾಗವನ್ನು ತಾವೇ ಎರಕ ಹೊಯ್ಯಲು ಕಲಿತರು. ಇವತ್ತು ಶಿರೋಳಿ, ಗೋಕುಳ ಶಿರಗಾಂವ ಕಡೆಯ ಔದ್ಯೋಗಿಕ ವಸಾಹತುಗಳನ್ನೂ ಸೇರಿಸಿದರೆ ಕೊಲ್ಹಾಪುರದ ಸುತ್ತ ಸುಮಾರು 300 ಫೌಂಡ್ರಿಗಳಿವೆ. ದೇಶದ ವಾಹನ ಕಂಪನಿಗಳಿಗೆ ಎರಕದ ಭಾಗಗಳು ಇಲ್ಲಿಂದ ಹೋಗುತ್ತವೆ. ರಿಪೇರಿ ಮಾಡುತ್ತ ಮಾಡುತ್ತ ತಯಾರಿಕೆ ಕಲಿತ ಊರು ಇದು.

ಇಚಲಕರಂಜಿ ಇನ್ನೂ ಸ್ಪಷ್ಟ ಉದಾಹರಣೆ. ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಅವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರು ಅಲ್ಲಿ ಪಾವರ್‌ಲೂಮ್ ತಂದರು. ಮುಂದೆ ಮನೆಮನೆಗೆ ಮಗ್ಗ ಹರಡಿತು. ಹೀಗೆ ಹರಡಿದ ಮಗ್ಗಗಳಲ್ಲಿ ದೊಡ್ಡ ಪಾಲು ದೊಡ್ಡ ಗಿರಣಿಗಳು ತೆಗೆದುಹಾಕಿದ ಹಳೇ ಮಗ್ಗಗಳು. ಈಚೆಗೆ ಬಂದ ಶಟಲ್ ಇಲ್ಲದ ಮಗ್ಗಗಳಲ್ಲೂ ಹೊರದೇಶದಿಂದ ತಂದ ಸೆಕೆಂಡ್ ಹ್ಯಾಂಡ್ ಮಗ್ಗಗಳಿವೆ. ನನ್ನ ಮಾವ ಹೇಳುವ ಮಾತು: “ನಮ್ಮ ಊರಾಗ ಹೊಸ ಯಂತ್ರ ಅಂದ್ರ ನಮ್ಮ ಮನಿಗೆ ಹೊಸದಾಗಿ ಬಂದದ್ದು ಅಂತ ಅರ್ಥ.”

ಆದರೆ ಒಂದು ವ್ಯತ್ಯಾಸ ಇದೆ. ಹಳೇ ಮಗ್ಗ ಕೆಟ್ಟರೆ ಜಾಬರ್ ಬರುತ್ತಾನೆ, ಸರಿ ಮಾಡುತ್ತಾನೆ, ಮಗ್ಗ ಮತ್ತೆ ಬಟ್ಟೆ ನೇಯುತ್ತದೆ, ರಿಪೇರಿಯ ಹಣವನ್ನು ತಾನೇ ದುಡಿಯುತ್ತದೆ. ಮನೆಯ ಕಾರು ದುಡಿಯುವುದಿಲ್ಲ. ಹಳೇ ಯಂತ್ರದ ಮೇಲೆ ನಮ್ಮ ಜನಕ್ಕೆ ಇರುವ ಭರವಸೆ ದುಡಿಯುವ ಯಂತ್ರಗಳಿಂದ ಬಂದದ್ದು. ಅದನ್ನು ದುಡಿಯದ ಯಂತ್ರಕ್ಕೂ ಹಚ್ಚಿದಾಗ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ವಾದ.

3. ಹಳೇ ಕಾರಿಗೆ ಬೆಲೆ ಬಂದ ಬಗೆ

ಕೊಲ್ಹಾಪುರದಲ್ಲಿ ಕಾರು ಅಂದರೆ ಮೊದಲು ನೆನಪಾಗುವುದು ಛತ್ರಪತಿ ರಾಜಾರಾಮ ಮಹಾರಾಜರ ಮೇಬ್ಯಾಕ್. 1930ರ ದಶಕದ ಆ ಜರ್ಮನ್ ಕಾರು ಇಂದಿಗೂ ದಸರೆಗೆ ಹೊರಗೆ ಬರುತ್ತದೆ. ಆ ಕಾಲಕ್ಕೆ ಕಾರು ಅರಮನೆಯ ವಸ್ತು.

ಸ್ವಾತಂತ್ರ್ಯದ ನಂತರ ಮಧ್ಯಮವರ್ಗಕ್ಕೆ ಎರಡು ಹೆಸರು ಗೊತ್ತಾದವು: ಅಂಬಾಸಿಡರ್ ಮತ್ತು ಫಿಯಟ್. ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿಯ ಫಿಯಟ್ಟೇ ಮುಂದೆ ಪದ್ಮಿನಿ ಆಯಿತು. ಲೈಸೆನ್ಸಿನ ಆ ಕಾಲದಲ್ಲಿ ಕಂಪನಿಗಳು ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಮಿತಿ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಕೈಗೆ ಕೂಡಲೇ ಸಿಗುವ ಹಳೇ ಕಾರು ಕೆಲವು ಸಲ ಹೊಸದಕ್ಕಿಂತ ತುಟ್ಟಿಗೆ ಮಾರಾಟವಾಗುತ್ತಿತ್ತು. ‘ಹಳೇ ಗಾಡಿಯಲ್ಲಿ ಹಾಕಿದ ರೊಕ್ಕ ಮುಳುಗೋದಿಲ್ಲ’ ಎಂಬ ನಂಬಿಕೆ ಆಗ ನಿಜವೇ ಆಗಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 1991ರ ನಂತರ ಬೇರೆ ಕಂಪನಿಗಳು ಬಂದವು. ಸಾಲ ಸುಲಭವಾಯಿತು, ಜನ ಕಾರನ್ನು ಬೇಗ ಬದಲಿಸತೊಡಗಿದರು. ಹಳೇ ಕಾರು ಅಗ್ಗವಾಯಿತು. ಪತಸಂಸ್ಥೆಯ ಪಿಗ್ಮಿ ಏಜೆಂಟನ ಕೈಗೂ ಎಟುಕಿತು. ಕೊಳ್ಳುವ ಬೆಲೆ ಇಳಿಯಿತು, ಆದರೆ ಓಡಿಸುವ ಬೆಲೆ ಇಳಿಯಲಿಲ್ಲ. ಗಾಡಿ ಹಳೇದಾದಷ್ಟೂ ಅದರ ಬೆಲೆ ಕಡಿಮೆ, ಆದರೆ ಕ್ಲಚ್ ಪ್ಲೇಟಿನ ದರ ಹಳೇ ಗಾಡಿಗೂ ಅಷ್ಟೇ. ಗಾದೆಯ ಮೂರು ಕಾಸು ಮತ್ತು ಆರು ಕಾಸು ಇಲ್ಲಿ ಬೇರೆಬೇರೆಯಾದವು.

4. ನಮ್ಮ ಮನೆಯ ವಹಿ

ಈಗ ವಹಿಗೆ ಬರುತ್ತೇನೆ. ಕಾರು 2008ರ ಮಾಡೆಲ್ಲು, ಪೆಟ್ರೋಲ್ ಗಾಡಿ. ಮೊದಲ ಪುಟದಲ್ಲಿ ಅಪ್ಪನ ಅಕ್ಷರದಲ್ಲಿ ಇರುವುದು ಇಷ್ಟು: “ಶ್ರೀ. ಗಾಡಿ ಖರೇದಿ 1,15,000. ಏಜೆಂಟ ಕಮಿಶನ ಸಹಿತ.” ಮುಂದಿನ ಸಾಲು ಹದಿನೇಳು ದಿನದ ನಂತರದ್ದು: “ಸೆಲ್ಫ ರಿಪೇರಿ.” ಸೆಲ್ಫ್ ಅಂದರೆ ಸ್ಟಾರ್ಟರ್ ಮೋಟಾರು. ಆಮೇಲೆ ಹಾರ್ನು, ಕಿಟಕಿಯ ಸ್ವಿಚ್ಚು, ಹೆಡ್‌ಲೈಟಿನ ವಾಯರಿಂಗು. ಒಂದೊಂದೂ ಸಣ್ಣದು, ಆದರೆ ಸರಿ ಮಾಡಿದ್ದೇ ಮತ್ತೆ ಕೆಡುತ್ತಿತ್ತು.

ಕಾರಣ ತಿಳಿದದ್ದು ಏಳು ತಿಂಗಳ ನಂತರ. ಊರಿನ ಮಿಸ್ತ್ರಿ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರು. ಕೆಳಗೆ ಒಣಗಿದ ಕೆಸರಿನ ತೆಳು ಪದರ. ಸೀಟಿನ ಹಳಿ ತುಕ್ಕು ಹಿಡಿದಿತ್ತು, ವಾಯರಿನ ಜೋಡಣೆಗಳಲ್ಲಿ ಹಸಿರು ಕಿಲುಬು. “ಅಣ್ಣಾರ, ಈ ಗಾಡಿ ಹೊಳಿ ನೋಡಿ ಬಂದದ,” ಅಂದರು.

2019ರ ಆಗಸ್ಟ್‌ನ ಮಹಾಪೂರ ನಿಮಗೆ ನೆನಪಿರಬಹುದು. ಪಂಚಗಂಗಾ ಉಕ್ಕಿ ಕೊಲ್ಹಾಪುರ ಶಹರದ ಓಣಿಗಳು, ಇಚಲಕರಂಜಿಯ ಹೊಳೆದಂಡೆ, ಶಿರೋಳ ತಾಲೂಕಿನ ಹಳ್ಳಿಗಳು ಮುಳುಗಿದವು. ಪುಣೆ–ಬೆಂಗಳೂರು ಹೆದ್ದಾರಿ ಶಿರೋಳಿಯ ಹತ್ತಿರ ದಿನಗಟ್ಟಲೆ ಬಂದ್ ಇತ್ತು. ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಒಣಗಿಸಿ, ಪಾಲಿಶ್ ಹಚ್ಚಿದರೆ ಹೊರಗಿನಿಂದ ತಿಳಿಯುವುದಿಲ್ಲ. ಕಬ್ಬಿಣದ ಭಾಗಕ್ಕಿಂತ ಹೆಚ್ಚು ಕೆಡುವುದು ವಾಯರಿಂಗು. ಒಳಗೆ ಕುಂತ ತೇವ ನಿಧಾನಕ್ಕೆ ತಾಮ್ರವನ್ನು ತಿನ್ನುತ್ತದೆ, ಅದಕ್ಕೇ ಒಂದೇ ದೋಷ ಮತ್ತೆ ಮತ್ತೆ ಬರುತ್ತದೆ. ಮಾರಿದವರನ್ನು ಕೇಳಲು ಅಪ್ಪ ಹೋದರು. ‘ನೋಡಿ ತಗೊಂಡೀರಿ’ ಎಂಬ ಉತ್ತರ ಬಂತು. ಎತ್ತಿನ ಹಲ್ಲು ನೋಡಲು ಬರುತ್ತಿದ್ದ ನಮ್ಮ ಅಜ್ಜನಿಗೆ ಕಾರ್ಪೆಟ್ ಎತ್ತಿ ನೋಡಬೇಕೆಂದು ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ.

ಬರೇ ರಿಪೇರಿ, ಬಿಡಿಭಾಗ ಮತ್ತು ಪಾಸಿಂಗಿನ ಖರ್ಚನ್ನು ವರ್ಷವಾರು ಕೂಡಿಸಿದ್ದೇನೆ. 2020ರಲ್ಲಿ 18,400. 2021ರಲ್ಲಿ 46,900. 2022ರಲ್ಲಿ 29,300. 2023ರಲ್ಲಿ 33,700. ಒಟ್ಟು 1,28,300 ರೂಪಾಯಿ. ಕೊಂಡ ಬೆಲೆಗಿಂತ 13,300 ಹೆಚ್ಚು. ಪೆಟ್ರೋಲು, ವಿಮೆ ಇದರಲ್ಲಿ ಸೇರಿಲ್ಲ.

2021ರ ಸೆಪ್ಟೆಂಬರ್ ಪುಟದಲ್ಲಿ ಒಂದೇ ದೊಡ್ಡ ಸಾಲು ಇದೆ: “ಇಂಜಿನ ಕಾಮ, ಹೆಡ ಗ್ಯಾಸ್ಕೀಟ, ರೇಡಿಯೇಟರ 27,500.” ರೇಡಿಯೇಟರ್ ಸೋರಿ, ಇಂಜಿನ್ ಕಾಯ್ದು, ಗ್ಯಾಸ್ಕೆಟ್ ಸುಟ್ಟಿತ್ತು. ಆ ಹಣ ನನ್ನ ಎಂ.ಎ. ಪ್ರವೇಶಕ್ಕೆ ಮತ್ತು ರೂಮಿಗೆ ಅಂತ ತೆಗೆದಿಟ್ಟದ್ದು. ನಾನು ಒಂದು ವರ್ಷ ತಡವಾಗಿ ಸೇರಿದೆ. ಆ ವರ್ಷ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅದೇ ಚಳಿಗಾಲ ಮಹಾರಾಷ್ಟ್ರದ ಎಸ್.ಟಿ. ಬಸ್ ನೌಕರರ ಮುಷ್ಕರ ಶುರುವಾಯಿತು. 2021ರ ನವೆಂಬರ್‌ನಿಂದ 2022ರ ಏಪ್ರಿಲ್ ತನಕ ಬಸ್ಸು ಸರಿಯಾಗಿ ಇರಲಿಲ್ಲ. ಡಿಸೆಂಬರ್‌ನಾಗ ಒಂದು ರಾತ್ರಿ ಎರಡು ಗಂಟೆಗೆ ಅವ್ವನಿಗೆ ಹೊಟ್ಟೆನೋವು ಬಂತು, ಪಿತ್ತಕೋಶದಾಗ ಹರಳು. ಆ ತಿಂಗಳು ಐದು ಸಲ ಬೆಳಗಾವಿಗೆ ಹೋಗಿಬಂದೆವು. ಗಾಡಿ ಒಂದು ಸಲಾನೂ ನಿಲ್ಲಲಿಲ್ಲ.

ಇದನ್ನ ಗಾಡಿಯ ಸಮರ್ಥನೆ ಅಂತ ತಗೋಬ್ಯಾಡ್ರಿ. ಲೆಕ್ಕದ ಪ್ರಕಾರ ಐದು ಸಲ ಬಾಡಿಗಿ ಗಾಡಿ ಮಾಡಿದ್ದರೂ 27,500 ಆಗುತ್ತಿರಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಬಾಡಿಗಿ ಗಾಡಿ ಬರುತ್ತಿತ್ತೋ ಇಲ್ಲೋ, ಅದನ್ನ ಲೆಕ್ಕಕ್ಕೆ ಹಿಡಿಯಲು ವಹಿಯಲ್ಲಿ ಕಾಲಮ್ಮಿಲ್ಲ. ಎರಡನ್ನೂ ನಿಮ್ಮ ಮುಂದೆ ಇಟ್ಟಿದ್ದೇನೆ.

5. ಗಡಿಯ ಲೆಕ್ಕ

ಗಡಿನಾಡಿನ ಕಾರಿಗೆ ಬೇರೆ ಕಡೆ ಇಲ್ಲದ ಖರ್ಚುಗಳಿವೆ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಬೆಳಗಾವಿ ಜಿಲ್ಲೆಯ ಚಂದಗಡ ಕೊಲ್ಹಾಪುರದ ಕಡೆ ಬಂತು, ಸಂಕೇಶ್ವರ, ನಿಪ್ಪಾಣಿ ಮೈಸೂರು ರಾಜ್ಯದ ಕಡೆ ಹೋದವು. ಆದರೆ ಬೀಗರು, ದೇವರು, ಸಂತೆ ಎರಡೂ ಕಡೆ ಉಳಿದರು.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೊದಲ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಹೊಸ ರಾಜ್ಯದಲ್ಲಿ ತೆರಿಗೆ ಕಟ್ಟಬೇಕು, ಹಳೇ ರಾಜ್ಯದಿಂದ ಉಳಿದ ತೆರಿಗೆ ವಾಪಸು ಕೇಳಬೇಕು. ಹೀಗಾಗಿ ಚಿಕ್ಕೋಡಿಯ ಕೆಎ 23 ಗಾಡಿ ಗಡಹಿಂಗ್ಲಜದಲ್ಲಿ ಅಗ್ಗಕ್ಕೆ ಸಿಕ್ಕರೂ ಅದು ಅಗ್ಗ ಅಲ್ಲ.

ಪೆಟ್ರೋಲಿನದು ಇನ್ನೊಂದು ಲೆಕ್ಕ. 2021ರ ನವೆಂಬರ್‌ನಲ್ಲಿ ಕೇಂದ್ರ ತೆರಿಗೆ ಇಳಿಸಿದಾಗ ಕರ್ನಾಟಕ ತಾನೂ 7 ರೂಪಾಯಿ ಇಳಿಸಿತು. ಮಹಾರಾಷ್ಟ್ರ ಆಗ ಇಳಿಸಲಿಲ್ಲ. ಲೀಟರಿಗೆ ಹತ್ತು ರೂಪಾಯಿ ಹತ್ತಿರ ಅಂತರ ಬಿತ್ತು. ನಮ್ಮ ಜನ ಸಂಕೇಶ್ವರದ ಕಡೆ ಗಾಡಿ ತಿರುವಿದರು. ನಾನು ಲೆಕ್ಕ ಹಾಕಿ ನೋಡಿದೆ: 20 ಲೀಟರಿಗೆ ಉಳಿಯುವುದು 200 ರೂಪಾಯಿ. ಹೋಗಿಬರುವ 30 ಕಿ.ಮೀ. ದಾರಿಗೆ ನಮ್ಮ ಗಾಡಿಯ 13ರ ಎವರೇಜಿನಲ್ಲಿ ಸುಡುವ ಪೆಟ್ರೋಲು 230 ರೂಪಾಯಿಯದು. ಅಪ್ಪ ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದರು. ವಹಿಯಲ್ಲಿ ಸಂಕೇಶ್ವರದ ಪೆಟ್ರೋಲ್ ಇರುವುದು ಮದುವೆ, ತಿಥಿ, ಆಸ್ಪತ್ರೆಗೆ ಹೋದ ದಿನಗಳಲ್ಲಿ ಮಾತ್ರ.

ಓಡಿಸುವ ಖರ್ಚು ಸಾರ್ವಜನಿಕ ಹೋರಾಟವಾದದ್ದೂ ಇಲ್ಲೇ. ಕೊಲ್ಹಾಪುರ ಶಹರದ ಒಳಗಿನ ರಸ್ತೆಗಳಿಗೆ ಟೋಲ್ ಹಾಕಿದಾಗ ಎನ್.ಡಿ. ಪಾಟೀಲ, ಗೋವಿಂದ ಪಾನಸರೆ ಅವರಂಥ ಹಿರಿಯರ ಮುಂದಾಳತ್ವದಲ್ಲಿ ಜನ ವರ್ಷಗಟ್ಟಲೆ ಬೀದಿಗಿಳಿದರು. ಪಾನಸರೆ ಅವರು 2015ರ ಫೆಬ್ರುವರಿಯಲ್ಲಿ ಗುಂಡಿನ ದಾಳಿಗೆ ಬಲಿಯಾದರು. ಅದೇ ವರ್ಷದ ಕೊನೆಗೆ ಟೋಲ್ ರದ್ದಾಯಿತು. ಟೋಲಿನ ಖರ್ಚು ಎಲ್ಲರಿಗೂ ಒಂದೇ ನಾಕೆಯಲ್ಲಿ ಕಾಣುತ್ತಿತ್ತು, ಜನ ಕೂಡಿದರು. ರಿಪೇರಿಯ ಖರ್ಚು ಒಬ್ಬೊಬ್ಬರ ಅಂಗಳದಲ್ಲಿ ಬೇರೆಬೇರೆ ದಿನ ಬರುತ್ತದೆ. ಅದಕ್ಕೆ ಮೋರ್ಚಾ ಇಲ್ಲ.

6. ಮಿಸ್ತ್ರಿಯ ಉದ್ರಿ ಮತ್ತು ವಹಿಯ ಭಾಷೆ

ವಹಿಯಲ್ಲಿ ಪದೇಪದೇ ಬರುವ ಶಬ್ದ ‘ಉದ್ರಿ’. ಮಿಸ್ತ್ರಿಗೆ ಅಪ್ಪ ಎಲ್ಲ ಹಣ ಒಮ್ಮೆಲೇ ಕೊಟ್ಟದ್ದು ಅಪರೂಪ. ಬಿಡಿಭಾಗದ ರೊಕ್ಕ ರೋಖ, ಮಜೂರಿ ಉದ್ರಿ. ದೀಪಾವಳಿಗೆ ಒಂದಿಷ್ಟು, ಯುಗಾದಿಗೆ ಒಂದಿಷ್ಟು. ಸಣ್ಣ ಕೆಲಸಕ್ಕೆ ಅವರು ಬರೆಸಿಕೊಳ್ಳುವುದೂ ಇಲ್ಲ. ಆಯ ಹೋದಮೇಲೂ ಅದರ ಒಂದು ನೆರಳು ಇಲ್ಲಿ ಉಳಿದಿದೆ. ಆದರೆ ಆಯದಲ್ಲಿ ಅಳತೆ ಮೊದಲೇ ಗೊತ್ತಿತ್ತು, ಉದ್ರಿಯಲ್ಲಿ ಗೊತ್ತಿಲ್ಲ. ಕೆಡುವ ಭಾರ ಮಾಲಕನದು, ಕಾಯುವ ಭಾರ ಮಿಸ್ತ್ರಿಯದು. ಇಬ್ಬರೂ ಬಡವರೇ.

ಇನ್ನು ಭಾಷೆ. ಮೊದಲ ಎರಡು ವರ್ಷದ ಪುಟಗಳು ಕನ್ನಡ ಲಿಪಿಯಲ್ಲಿವೆ. ಶಬ್ದಗಳು ಮಿಶ್ರ: ‘ಕಾಮ’, ‘ಮಜೂರಿ’, ‘ಭಂಗಾರ’, ‘ಪಾಸಿಂಗ’. 2022ರ ಜೂನ್‌ನಿಂದ ಅಕ್ಷರ ಬದಲಾಗುತ್ತದೆ. ಅಪ್ಪನ ಕಣ್ಣಿಗೆ ಪೊರೆ ಬಂದು, ತಂಗಿ ಬರೆಯತೊಡಗಿದಳು. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ, ಬರೆದದ್ದು ಮರಾಠಿಯಲ್ಲಿ. ಅಪ್ಪ ಕನ್ನಡದಲ್ಲಿ ಹೇಳುತ್ತಾರೆ, ಅವಳು ಮರಾಠಿಯಲ್ಲಿ ಇಳಿಸುತ್ತಾಳೆ. ಮಿಶ್ರ ಶಬ್ದಗಳು ಎರಡೂ ಕಡೆ ಅವೇ ಇರುವುದರಿಂದ ಲೆಕ್ಕ ಎಲ್ಲೂ ತಪ್ಪಿಲ್ಲ. ಹತ್ತನೇ ಶತಮಾನದಿಂದ ಈಚೆಗೆ ಕೊಲ್ಹಾಪುರವನ್ನು ಆಳಿದ ಶಿಲಾಹಾರರ ಕಾಲದ ಕನ್ನಡ ಶಾಸನಗಳನ್ನು ನಾವು ಓದುತ್ತೇವೆ. ಈ ಸೀಮೆಯಲ್ಲಿ ಕನ್ನಡ ಬರೆಯುವುದು ಎಲ್ಲಿ, ಯಾವ ವರ್ಷ ನಿಂತಿತು ಎಂದು ತಿಳಿಯಲು ಕಲ್ಲಿನ ಜೊತೆ ಇಂಥ ವಹಿಗಳನ್ನೂ ನೋಡಬೇಕು. ನಮ್ಮ ಮನೆಯಲ್ಲಿ ಅದು ಗ್ಯಾರೇಜಿನ ಒಂದು ಬಿಲ್ಲಿನ ಮೇಲೆ ಆಯಿತು.

ಉಪಸಂಹಾರ

2023ರ ಮಾರ್ಚ್‌ಗೆ ಗಾಡಿಗೆ 15 ವರ್ಷ ತುಂಬಿತು. 2022ರ ಏಪ್ರಿಲ್ 1ರಿಂದ ಇಂಥ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ಆಗಿದೆ. ಜೊತೆಗೆ ಪರಿಸರ ಕರ. ಭಂಗಾರಕ್ಕೆ ಕೊಡೋಣ ಅಂತ ನಾನು ಹೇಳಿದೆ, ಬರೆದ ಲೆಕ್ಕ ತೋರಿಸಿದೆ. ಅಪ್ಪ ಪೂರಾ ಓದಿ, “ಲೆಕ್ಕ ಬರೋಬ್ಬರಿ ಅದ,” ಅಂದರು. ಮರುವಾರ ಪಾಸಿಂಗಿಗೆ ಗಾಡಿ ಒಯ್ದರು.

ನನ್ನ ತೀರ್ಮಾನಗಳು ಮೂರು. ಒಂದು, ಈ ಸೀಮೆಯ ಜನ ಹಳೇ ಯಂತ್ರವನ್ನು ನಂಬುವುದು ಮೂಢತನದಿಂದಲ್ಲ, ದುಡಿಯುವ ಹಳೇ ಯಂತ್ರಗಳ ಅನುಭವದಿಂದ. ಎರಡು, ರಿಪೇರಿ ಊರಿನ ಹೊಣೆಯಿಂದ ಒಂದು ಮನೆಯ ಹೊಣೆಯಾದದ್ದು ಇಲ್ಲಿನ ದೊಡ್ಡ ಬದಲಾವಣೆ. ಮೂರು, ಇದರ ದಾಖಲೆ ಮನೆಯ ವಹಿಗಳಲ್ಲಿದೆ. ನಿಮ್ಮ ಮನೆಯಲ್ಲೂ ಇದ್ದರೆ ರದ್ದಿಗೆ ಹಾಕಬೇಡಿ.

ಸಂವಾದ

ಪ್ರಶ್ನೆ: ಒಂದೇ ಮನೆಯ ವಹಿಯಿಂದ ಇಷ್ಟು ದೊಡ್ಡ ತೀರ್ಮಾನ ಮಾಡಬಹುದೇ?

ಉತ್ತರ: ಮಾಡಬಾರದು ಮೇಡಂ, ಒಪ್ಪತೀನಿ. ನಾನು ಇನ್ನೂ ಹುಡುಕುತ್ತಿದ್ದೇನೆ. ಇಚಲಕರಂಜಿಯಲ್ಲಿ ಮಾವನ ಮಗ್ಗದ ರಿಪೇರಿ ವಹಿ ಸಿಕ್ಕದ, ಅದನ್ನ ಮುಂದ ಇದರ ಜೊತೆ ಇಟ್ಟು ನೋಡಬೇಕು ಅಂತ ಅದ.

ಪ್ರಶ್ನೆ: ಈಗ ಗಾಡಿ ಹೆಂಗದ?

ಉತ್ತರ: ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ ಸರ್. ಗಾಡಿ ಗ್ಯಾರೇಜಿನಾಗ ಅದ ಅಂದ್ರು.